ಒಳಗೆಳೆದ ಸ್ವರ

ಲೆಸಿಬಾ ನುಡಿಸುವವನಿಗೆ ಎರಡು ಉಸಿರು ಬೇಕು. ಹೊರಗೆ ಬಿಡುವ ಉಸಿರು ಎಲ್ಲರ ಬಳಿಯೂ ಇದೆ. ಕೊಳಲಿಗೆ ಅದು ಸಾಕು, ಒಲೆಗೂ ಅದು ಸಾಕು. ಲೆಸಿಬಾದ ಮಾತೇ ಬೇರೆ. ಬಿಲ್ಲಿನಂಥ ಕೋಲಿಗೆ ಒಂದೇ ತಂತಿ, ಆ ತಂತಿಯ ತುದಿಯಲ್ಲಿ ಚಪ್ಪಟೆ ಮಾಡಿ ಕಟ್ಟಿದ ರಣಹದ್ದಿನ ಗರಿಯ ದಂಟು. ಅದನ್ನು ತುಟಿಗಳ ನಡುವೆ ಇಟ್ಟು, ಕೈಗಳನ್ನು ಬೊಗಸೆ ಮಾಡಿ ಮುಚ್ಚಿ, ಉಸಿರನ್ನು ಬಿಟ್ಟಷ್ಟೇ ಬಲವಾಗಿ ಒಳಕ್ಕೂ ಎಳೆಯಬೇಕು. ಬಿಟ್ಟಾಗ ಕೇಳುವುದು ಗಂಡಸಿನ ಗೊಣಗು, ಎಳೆದಾಗ ಕೇಳುವುದು ದೇವರ ಉತ್ತರ ಎಂದು ಲೆಟೂಕಾನ ಅಪ್ಪ ಹೇಳುತ್ತಿದ್ದ. ದನಗಳು ತಲೆಯೆತ್ತದೆ ನೆಮ್ಮದಿಯಾಗಿ ಮೇಯುವುದು ಆ ಉತ್ತರ ಕೇಳುತ್ತಿರುವಷ್ಟು ಹೊತ್ತು ಮಾತ್ರ.

ಲೆಟೂಕಾನಿಗೆ ಆ ಉತ್ತರ ಈ ಚಳಿಗಾಲದಲ್ಲಿ ಕೇಳಿಸದಾಯಿತು.

ಅವನು ಬಸೊಥೊ ಜನರ ಬೆಟ್ಟನಾಡಿನ ಹಾ-ಸೆಕೇಟೆ ಹಳ್ಳಿಯ ದನಗಾಹಿ. ಮೀಸೆ ನರೆತು ಎಷ್ಟೋ ಕಾಲವಾಗಿತ್ತು. ಪೀಚ್ ಮರಗಳ ಹೂವು ಉದುರಿ ಮಿಡಿಯಾಗುವ ಹೊತ್ತಿಗೆ ಊರಿನ ದನಗಳನ್ನೆಲ್ಲ ಮೇಲಿನ ಬೆಟ್ಟದ ದೊಡ್ಡಿಗೆ ಹೊಡೆದುಕೊಂಡು ಹೋಗುವವನು ಅವನು. ಜೋಳದ ತೆನೆ ಒಣಗುವ ಹೊತ್ತಿಗೆ ಇಳಿಸಿಕೊಂಡು ಬರುವವನೂ ಅವನೇ. ನಡುವಿನ ತಿಂಗಳುಗಳಲ್ಲಿ ಅವನ ನೆರೆಹೊರೆ ಎಂದರೆ ಹುಲ್ಲು, ಗಾಳಿ, ಮಂಜು. ಮನೆಯಲ್ಲಿದ್ದಾಗ ಭಾನುವಾರ ಇಗರ್ಜಿಗೆ ಹೋಗುತ್ತಿದ್ದ, ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದ. ಬೆಟ್ಟದ ಮೇಲೆ ಮಾತ್ರ ಒಂದು ದಿನವೂ ಪ್ರಾರ್ಥನೆ ತಪ್ಪಿಸಿದವನಲ್ಲ. ಅಲ್ಲಿ ದೇವರು ಹತ್ತಿರ, ಕೂಗಬೇಕಾಗಿಲ್ಲ ಎನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ಅವನ ಎದೆಯೊಳಗಿನ ಕುದುರೆ ಹೆಜ್ಜೆ ತಪ್ಪಿತು. ನಡೆಯುತ್ತಾ ನಡೆಯುತ್ತಾ ಎರಡು ಹೆಜ್ಜೆ ಓಡುವುದು, ಒಂದು ಹೆಜ್ಜೆ ನಿಲ್ಲುವುದು, ಮತ್ತೆ ಕಲ್ಲು ಜಾರಿದಂತೆ ದಡಬಡ ಎನ್ನುವುದು. ಬೆಟ್ಟ ಇಳಿದು ಬಂದಾಗ ಮುಖ ಬೂದಿಯಾಗಿತ್ತು. ಪಿತೃಗಳು ಕರೀತಿದ್ದಾರೆ, ಇವನು ಮಂತ್ರವೈದ್ಯ ಆಗಬೇಕು ಎಂದು ಊರಿನ ಮುದುಕಿಯರು ಹೇಳಿದರು. ಅವನ ಹೆಂಡತಿ ಮಾಂಫೊ ಆ ಮುದುಕಿಯರಿಗೆಲ್ಲ ಹುಳಿಗಂಜಿ ಕೊಟ್ಟು ಕಳಿಸಿ, ಗಂಡನನ್ನು ಹೊಳೆಯಾಚೆಯ ಬ್ಲೂಮ್‌ಫಾಂಟೇನ್ ಪಟ್ಟಣದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಫೂರಿ ಎಂಬ ಡಾಕ್ಟರು ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆಯೊಂದನ್ನು ಹೃದಯದವರೆಗೆ ತೂರಿಸಿ, ತುದಿಯ ಪುಟ್ಟ ಬಲೂನನ್ನು ಹಿಮಕ್ಕಿಂತ ತಣ್ಣಗೆ ಮಾಡಿ, ಹೆಜ್ಜೆ ತಪ್ಪಿಸುತ್ತಿದ್ದ ಕಿಡಿಗಳ ದಾರಿಯನ್ನು ಹೆಪ್ಪುಗಟ್ಟಿಸಿ ಮುಚ್ಚಿದರು. ಕುದುರೆ ಸರಿಹೋಯಿತು. ಈಗ ಅದು ಇಗರ್ಜಿಗೆ ಹೊರಟ ಮುದುಕನ ಕುದುರೆಯಂತೆ ಒಂದೇ ಸಮನೆ ನಡೆಯುತ್ತಿತ್ತು.

ಕೆಟ್ಟದ್ದು ಉಸಿರು.

ಆಸ್ಪತ್ರೆಯಿಂದ ಬಿಡುವ ದಿನವೇ ಡಾಕ್ಟರು, ಹಿರಿಯ ಗಂಡಸರನ್ನು ಎಲ್ಲರೂ ಕರೆಯುವಂತೆ 'ನ್ತಾತೆ', ಅಂದರೆ ಅಪ್ಪಾ, ಎಂದು ಕರೆದು, ಮುಚ್ಚುಮರೆಯಿಲ್ಲದೆ ಹೇಳಿದ್ದರು. "ನ್ತಾತೆ ಲೆಟೂಕಾ, ಹೃದಯದ ಬಲಗಡೆ ಗೋಡೆಗೆ ತಾಗಿಕೊಂಡೇ ಒಂದು ನರ ಹೋಗುತ್ತೆ. ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ ಇದೆ, ಉಸಿರು ಎಳೆಯೋದು ಅದೇ. ಅದರ ಬಲಭಾಗಕ್ಕೆ ಅಪ್ಪಣೆ ಕೊಡೋದು ಈ ನರ. ನಮ್ಮ ಬಲೂನಿನ ತಂಪು ಅದಕ್ಕೂ ಸ್ವಲ್ಪ ತಾಗಿದೆ. ಈಗ ಮರಗಟ್ಟಿ ಮಲಗಿದೆ. ಹೆಚ್ಚಿನವರಿಗೆ ತಿಂಗಳುಗಟ್ಟಲೆ ಆದಮೇಲೆ ಎಚ್ಚರ ಆಗುತ್ತೆ. ಕೆಲವರಿಗೆ ಆಗಲ್ಲ. ಚಳಿ ಮುಗಿದಮೇಲೆ ಬನ್ನಿ, ನೋಡೋಣ."

ಫೂರಿ ಬಿಳಿಯರ ಮನೆಯ ಹುಡುಗ, ಆದರೆ ಹುಟ್ಟಿ ಬೆಳೆದದ್ದು ಹೊಲಗಳ ನಡುವೆ, ಆಡಿದ್ದು ಕುರಿಗಾಹಿಗಳ ಮಕ್ಕಳ ಜೊತೆ. ಹಾಗಾಗಿ ಅವರ ಸೆಸೊಥೊ ಮಾತಿನಲ್ಲಿ ಆಸ್ಪತ್ರೆಯ ನಯಕ್ಕಿಂತ ಕುರಿದೊಡ್ಡಿಯ ಗಡಸು ಹೆಚ್ಚು. ಲೆಟೂಕಾನಿಗೆ ಅದು ಹಿಡಿಸಿತ್ತು. "ಈ ಡಾಕ್ಟರು ಔಷಧಿ ಹೇಳಿದ್ರೂ ದನ ಹೊಡೆದ ಹಾಗಿರುತ್ತೆ" ಎಂದು ಮಾಂಫೊಗೆ ಹೇಳಿದ್ದ.

ಚಳಿಗಾಲವಿಡೀ ಅವನು ಬೆಳಗಿನ ಬಿಸಿಲಿಗೆ ದೊಡ್ಡಿಯ ಕಲ್ಲುಗೋಡೆಗೆ ಒರಗಿ ಕೂತು ಲೆಸಿಬಾ ಹಿಡಿದ. ಬಿಟ್ಟ ಉಸಿರಿಗೆ ಗರಿ ಗೊಣಗುತ್ತಿತ್ತು. ಎಳೆದ ಉಸಿರು ಗರಿಯನ್ನು ಮುಟ್ಟುವ ಮುಂಚೆಯೇ ತೀರಿಹೋಗುತ್ತಿತ್ತು, ತಳ ಒಡೆದ ಕೊಡದಲ್ಲಿ ನೀರು ಸೇದಿದಂತೆ. ರಾತ್ರಿ ಅಂಗಾತ ಮಲಗಿದರೆ ಏನೋ ಎದೆಗೇರಿದಂತಾಗಿ, ದಿಂಬುಗಳಿಗೆ ಒರಗಿಕೊಂಡೇ ನಿದ್ದೆ. ನೀರಿನ ಊಟೆಯಿಂದ ಮನೆಗೆ ಬರುವ ಏರಿನಲ್ಲಿ ಎರಡು ಕಡೆ ನಿಲ್ಲಬೇಕು.

ನಿಂತಾಗೆಲ್ಲ ಅವನು ಹೊದ್ದ ಕಂಬಳಿಯ ಸೂಜಿ ಬಿಚ್ಚಿ ಮತ್ತೆ ಚುಚ್ಚಿಕೊಳ್ಳುತ್ತಿದ್ದ. ಯಾರಾದರೂ ನೋಡಿದರೆ ಕಂಬಳಿ ಸರಿಮಾಡಿಕೊಳ್ಳಲು ನಿಂತಿದ್ದಾನೆ ಎಂದುಕೊಳ್ಳಲಿ ಎಂದು.

ಮಾಂಫೊ ಇದನ್ನು ನೋಡಿದಳು. ಒಂದು ದಿನ ಅವನಿಗೆ ಸೊಪ್ಪಿನ ಪಲ್ಯ ಬಡಿಸುತ್ತಾ, ಬೇರೆ ಯಾರ ಸುದ್ದಿಯೋ ಹೇಳುವ ಹಾಗೆ ಹೇಳಿದಳು. "ಈ ಸಲ ದನ ಕಾಬಿ ಹೊಡ್ಕೊಂಡು ಹೋಗ್ಲಿ."

ಕಾಬಿ ಅವಳ ತಮ್ಮ. ಲೆಟೂಕಾನನ್ನು 'ಸ್ವಾರೆ' ಎಂದು ಕರೆಯುವವನು, ಭಾವ ಎಂದಂತೆ. ಅಕ್ಕನ ಗಂಡನ ಕಾಲೆಳೆಯುವುದು ತನ್ನ ಜನ್ಮಸಿದ್ಧ ಹಕ್ಕು ಎಂದು ನಂಬಿದವನು.

"ಕಾಬಿನಾ?" ಲೆಟೂಕಾ ತುತ್ತು ಕೆಳಗಿಟ್ಟ. "ಅವನ ದನಿ ಕೇಳಿದ್ರೆ ಕಲ್ಲೂ ಎದ್ದು ಓಡುತ್ತೆ. ಅವನಿಗೆ ಲೆಸಿಬಾ ಬರಲ್ಲ."

"ನಿನಗೂ ಈಗ ಬರಲ್ಲವಲ್ಲ ನ್ತಾತೆ."

ಮಾತು ಹೊರಟುಹೋಯಿತು. ಹೊರಟದ್ದನ್ನು ಹಿಂದಕ್ಕೆ ಕರೆಯಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ದನಿ ತಗ್ಗಿಸಿದಳು. "ಬೆಟ್ಟದ ಮೇಲೆ ನೀನು ಒಬ್ಬನೇ ಉಸಿರು ಕಟ್ಟಿ ಬಿದ್ರೆ ನನಗೆ ಹೇಳೋರು ಯಾರು? ಹದ್ದು ಬಂದು ಹೇಳುತ್ತಾ?"

ಬೆಟ್ಟಕ್ಕೆ ಹೋಗದ ಲೆಟೂಕಾ ಎಂದರೆ ಯಾರು ಎಂದು ಅವನಿಗೆ ತಿಳಿಯದು. ಅವನು ಆ ಮನುಷ್ಯನನ್ನು ಒಮ್ಮೆಯೂ ನೋಡಿದವನಲ್ಲ.

ಆದರೆ ಅವನು ಕೊರಗುತ್ತಾ ಕೂರುವ ಪೈಕಿಯೂ ಅಲ್ಲ. ಕುಂಟುವ ಹಸುವಿನ ಗೊರಸು ಎತ್ತಿ ನೋಡದೆ ಬಿಟ್ಟವನಲ್ಲ, ತನ್ನದನ್ನೇ ಬಿಡುತ್ತಾನೆಯೇ? ಒಳಗೆ ಏನು ನಡೆಯುತ್ತಿದೆ ಎಂದು ನೋಡುವ ಆಸೆ ಹತ್ತಿತು. ಒಂದು ಮಧ್ಯಾಹ್ನ ತೊರೆಯಿಂದ ಎರಡು ನುಣುಪು ಕಲ್ಲು ಆರಿಸಿ ತಂದು, ಚಾಪೆಯ ಮೇಲೆ ಅಂಗಾತ ಮಲಗಿ, ಪಕ್ಕೆಲುಬಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡ. ಗದ್ದ ಎದೆಗೆ ಒತ್ತಿ, ಕಣ್ಣು ಕಿರಿದು ಮಾಡಿ, ಉಸಿರೆಳೆದ.

ಎಡಗಲ್ಲು ಮೇಲೆದ್ದಿತು. ಬಲಗಲ್ಲು ತಗ್ಗಿತು.

ಅವನಿಗೆ ನಂಬಿಕೆಯಾಗಲಿಲ್ಲ. ಕಲ್ಲುಗಳನ್ನು ಅದಲುಬದಲು ಮಾಡಿ ನೋಡಿದ. ಅದೇ ಕತೆ. ಒಂದೇ ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಏರಿಗೆಳೆದರೆ ಇನ್ನೊಂದು ನೀರಿಗೆಳೆಯುತ್ತಿತ್ತು. ಮೊದಲು ಅವನಿಗಾದದ್ದು ಭಯವಲ್ಲ, ಬೆರಗು. ಇಷ್ಟು ವರ್ಷ ಇವೆರಡೂ ಒಂದೇ ಹೆಜ್ಜೆಯಲ್ಲಿ ನಡೆದದ್ದು ಯಾರ ಕಾವಲಿನಲ್ಲಿ? ಹಾಡುವಾಗ, ಬೈಯುವಾಗ, ನಿದ್ದೆಯಲ್ಲಿ, ಒಂದು ದಿನವೂ ಅವನು ಇವುಗಳನ್ನು ಹೊಡೆದಿರಲಿಲ್ಲ, ಮೇಯಿಸಿರಲಿಲ್ಲ. ಮೇಯಿಸಿದವನು ಬೇರೊಬ್ಬ.

ಹಾಗೆ ಮಲಗಿರುವಾಗಲೇ ಕಾಬಿ ಬಾಗಿಲಲ್ಲಿ ಇಣುಕಿದ.

"ಅಯ್ಯೋ ಸ್ವಾರೆ! ಬದುಕಿರುವಾಗ್ಲೇ ಗೋರಿಗೆ ಕಲ್ಲು ಪೇರಿಸ್ಕೊಳ್ತಿದ್ದೀಯಲ್ಲ! ನಮಗೂ ಸ್ವಲ್ಪ ಕೆಲಸ ಉಳಿಸೋ!"

"ಬಾಯ್ಮುಚ್ಚು. ಇಲ್ಲಿ ಬಂದು ನೋಡು."

ಕಾಬಿ ಟೋಪಿ ತೆಗೆದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕಲ್ಲೊಂದು ಏರಿತು, ಒಂದು ಇಳಿಯಿತು. ಅವನು ಬಲಗಲ್ಲನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡಿದ.

"ಬಲಗಡೇದು ಸತ್ತಿದೆಯಾ?"

"ಮಲಗಿದೆ ಅಂದ್ರು ಡಾಕ್ಟರು."

"ಹೊಟ್ಟೆ ಮೇಲೆ ತಣ್ಣೀರು ಎರಚಲಾ?"

ಲೆಟೂಕಾನಿಗೆ ನಗು ಬಂತು. ನಕ್ಕಿದ್ದೇ ಉಸಿರು ಸಿಕ್ಕಿಹಾಕಿಕೊಂಡು ಕೆಮ್ಮಿದ. ಕಲ್ಲುಗಳು ಎರಡೂ ಉರುಳಿ ನೆಲಕ್ಕೆ ಬಿದ್ದವು.

ಕಾಬಿಗೆ ಹೇಳದೆ ಉಳಿದ ಮಾತೊಂದಿತ್ತು, ಮಾಂಫೊಗೂ ಹೇಳಿರಲಿಲ್ಲ. ಅದು ಆಸ್ಪತ್ರೆಯಲ್ಲಿ ಚಿಕಿತ್ಸೆಯ ಮೇಜಿನ ಮೇಲೆ ನಡೆದ ಮಾತು.

ಅವತ್ತು ಅವನಿಗೆ ಪೂರಾ ನಿದ್ದೆ ಬರಿಸಿರಲಿಲ್ಲ, ಮಂಪರು ಮಾತ್ರ. ಎಡಗಡೆಯ ಕೆಲಸ ಮುಗಿದು ಬಲಗಡೆಗೆ ಬಂದಾಗ ಡಾಕ್ಟರು ಅವನ ಕಿವಿಯ ಹತ್ತಿರ ಬಾಗಿ ಹೇಳಿದ್ದರು. "ಈಗ ಕುತ್ತಿಗೆ ಕೆಳಗಿಂದ ನಿಮ್ಮ ಉಸಿರಿನ ನರವನ್ನ ನಾವೇ ಚುಚ್ಚಿ ಎಬ್ಬಿಸ್ತೀವಿ. ಹೊಟ್ಟೆ ಬಿಕ್ಕಳಿಕೆ ಬಂದ ಹಾಗೆ ಒದೆಯುತ್ತೆ. ನನ್ನ ಒಂದು ಕೈ ಅಲ್ಲೇ ಇರುತ್ತೆ. ಒದೆತ ಜೋರಾಗಿರೋ ತನಕ ನರ ಕ್ಷೇಮ. ಸಡಿಲ ಆದ ತಕ್ಷಣ ತಂಪು ನಿಲ್ಲಿಸ್ತೀನಿ. ನಿಮಗೆ ಒಳಗೆ ಏನಾದ್ರೂ ಬದಲಾದ ಹಾಗೆ ಅನ್ನಿಸಿದ್ರೆ ಕೂಡಲೇ ಹೇಳಿ. ಕೂಡಲೇ, ಆಯ್ತಾ?"

ಗಬ್ಬದ ಹಸುವಿನ ಪಕ್ಕೆಗೆ ಅಂಗೈಯಿಟ್ಟು ಕರುವಿನ ಒದೆತ ನೋಡುವ ಹಾಗೆ ಡಾಕ್ಟರ ಕೈ ಅವನ ಹೊಟ್ಟೆಯ ಮೇಲೆ ಕೂತಿತ್ತು. ಟುಕ್, ಟುಕ್, ಟುಕ್. ತನ್ನ ಹೊಟ್ಟೆ ತನ್ನ ಮಾತು ಕೇಳದೆ ಒದೆಯುವುದು ಲೆಟೂಕಾನಿಗೆ ತಮಾಷೆಯಾಗಿ ಕಂಡಿತು. ಎದೆಯ ಒಳಮೂಲೆಯಲ್ಲಿ ಹಿಮ ಕಟ್ಟುತ್ತಿತ್ತು, ಬೆಟ್ಟದ ತೊರೆಯ ಅಂಚು ಬೆಳಗಿನ ಜಾವ ಕಟ್ಟುವ ಹಾಗೆ. ಆಮೇಲೆ ಒದೆತದ ಬೇರಿನಲ್ಲಿ ಏನೋ ತೆಳುವಾಯಿತು. ಒದೆತ ಇತ್ತು, ಆದರೆ ಅದರ ಒಳಗಿನ ತಿರುಳು ಹೋಗಿತ್ತು, ಸೀಳಿದ ಗರಿಯಿಂದ ಬರುವ ದನಿಯಂತೆ. ಜೀವಮಾನವೆಲ್ಲ ಒಳಗೆಳೆಯುವ ಉಸಿರಿನ ಮೇಲೆಯೇ ಬದುಕಿದವನು. ಹೊರಗಿನ ಕೈಗೆ ತಿಳಿಯುವ ಮುಂಚೆ ಅವನಿಗೆ ತಿಳಿಯಿತು.

ತಿಳಿದರೂ ಅವನು ಬಾಯಿ ಬಿಡಲಿಲ್ಲ.

ಗಂಡಸು ಕುರಿಯ ಹಾಗೆ, ಅಳುವುದಿಲ್ಲ. ಬಸೊಥೊ ಜನರ ಮನೆಮನೆಯಲ್ಲೂ ಈ ಗಾದೆ ಇದೆ. ಗಂಡಸಾಗಲು ಹುಡುಗರು ಬೆಟ್ಟದ ಗುಡಿಸಲಿಗೆ ಹೋಗುವ ದಿನಗಳಲ್ಲಿ ಅದು ಚರ್ಮದೊಳಗೇ ಇಳಿಯುತ್ತದೆ. ಅಲ್ಲಿ ಏನಾಗುತ್ತದೆ ಎಂಬುದು ಹೊರಗೆ ಹೇಳುವಂಥದ್ದಲ್ಲ. ಕತ್ತಿಯ ಕೆಳಗೆ ಮುಖದ ಒಂದು ಗೆರೆಯೂ ಅಲುಗಬಾರದು ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಲೆಟೂಕಾ ಅಂದೂ ಅಲುಗಿರಲಿಲ್ಲ. ಮೇಜಿನ ಮೇಲೆ ಮಲಗಿದವನ ಬಾಯನ್ನು ಅವನ ಹದಿಹರೆಯ ಬಂದು ಮುಚ್ಚಿತು. ಟುಕ್... ಟುಕ್... ಇನ್ನೆರಡು ಒದೆತ ಹೋದವು. ಆಮೇಲೆ ಡಾಕ್ಟರು "ನಿಲ್ಸಿ!" ಎಂದು ಕೂಗಿದ್ದು ಕೇಳಿಸಿತು.

ಹಾಗಾದರೆ ತನ್ನ ದೇವರ ಉತ್ತರವನ್ನು ಕಸಿದದ್ದು ಆ ತಂಪೋ, ತನ್ನ ಮೌನವೋ? ಚಳಿಗಾಲವಿಡೀ ಅವನು ಕಲ್ಲುಗೋಡೆಗೆ ಒರಗಿ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದ್ದ.

ಪೀಚ್ ಮರಗಳು ಊರ ತುಂಬ ಗುಲಾಬಿ ಬಣ್ಣ ಚೆಲ್ಲಿದಾಗ ಗಂಡಹೆಂಡಿರು ಮತ್ತೆ ಹೊಳೆ ದಾಟಿದರು. ಹೊರಡುವ ಮುಂಚೆ ಮಾಂಫೊ ಒಪ್ಪಂದ ಮಾಡಿಕೊಂಡಿದ್ದಳು. "ಡಾಕ್ಟರು ಹೂಂ ಅಂದ್ರೆ ಬೆಟ್ಟಕ್ಕೆ ಹೋಗು. ಊಹೂಂ ಅಂದ್ರೆ ನನ್ನ ಜೊತೆ ಮುಸುಕಿನ ಜೋಳದ ಕಳೆ ಕೀಳು." ಅವನು ಒಪ್ಪಿ, ಲೆಸಿಬಾವನ್ನು ಕಂಬಳಿಯೊಳಗೆ ಸೇರಿಸಿಕೊಂಡಿದ್ದ.

ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ತಡೆದ.

"ನ್ತಾತೆ, ಬಿಲ್ಲು ಒಳಗೆ ತರೋ ಹಾಗಿಲ್ಲ."

"ಇದು ಬಿಲ್ಲಲ್ಲಪ್ಪ, ಲೆಸಿಬಾ."

"ಬಾಣ ಎಲ್ಲಿ?"

"ಬಾಣ ನನ್ನ ಎದೇಲಿದೆ," ಎಂದ ಲೆಟೂಕಾ. "ಅದನ್ನೇ ತೋರಿಸೋಕೆ ಬಂದಿದ್ದೀನಿ."

ಮಾಂಫೊ ಅವನ ಕಂಬಳಿ ಹಿಡಿದು ಎಳೆದಳು. "ಇವರಿಗೆ ತಲೆ ಸರಿ ಇದೆ ಅಣ್ಣಾ, ಎದೆ ಮಾತ್ರ ಕೆಟ್ಟಿದೆ, ಬಿಡಪ್ಪ" ಎಂದು ಕಾವಲುಗಾರನಿಗೆ ಸಮಾಧಾನ ಹೇಳಿ ಒಳಗೆ ನಡೆಸಿದಳು.

ಕತ್ತಲ ಕೋಣೆಯಲ್ಲಿ ಫೂರಿ ಅವನನ್ನು ಎಕ್ಸ್-ರೇ ಹಲಗೆಯ ಮುಂದೆ ನಿಲ್ಲಿಸಿದರು. ಎದುರಿಗೆ ಪರದೆಯ ಮೇಲೆ ಅವನ ಎದೆಯೊಳಗಿನ ನೆರಳು ಬಂತು: ಬೇಲಿಯ ಗೂಟಗಳಂತೆ ಪಕ್ಕೆಲುಬು, ನಡುವೆ ಬಡಿಯುವ ಮಬ್ಬು ಮುಷ್ಟಿ, ತಳದಲ್ಲಿ ಎರಡು ಗುಡ್ಡಗಳ ಹಾಗೆ ಉಸಿರೆಳೆಯುವ ಪರದೆಯ ಎರಡು ಕಮಾನು.

"ಮೂಗಿನಿಂದ ಚುರುಕಾಗಿ ಎಳೀರಿ. ನಶ್ಯ ಸೇದೋ ಹಾಗೆ."

ಎಳೆದ. ಎಡಗುಡ್ಡ ಥಟ್ಟನೆ ಕುಸಿಯಿತು. ಬಲಗುಡ್ಡ ಮೇಲಕ್ಕೆ ಜಿಗಿಯಿತು.

"ಅದೇ!" ಎಂದು ಲೆಟೂಕಾ ಕೂಗಿದ. "ನನ್ನ ಕಲ್ಲು ಹೇಳಿದ್ದೂ ಅದೇ!"

ಕಲ್ಲಿನ ಕತೆ ಕೇಳಿ ಡಾಕ್ಟರು ನಕ್ಕರು. ನಗುತ್ತಲೇ ಪರದೆಯನ್ನು ದಿಟ್ಟಿಸಿದರು, ನಗು ನಿಂತಿತು. "ಇನ್ನೂ ಮಲಗಿದೆ ಅನ್ನಿಸುತ್ತೆ, ನ್ತಾತೆ" ಎಂದರು.

ಮೂಲೆಯಲ್ಲಿ ಕಿರಣ ತಡೆಯುವ ಸೀಸದ ಭಾರದ ನಿಲುವಂಗಿ ತೊಟ್ಟು ಕೂತಿದ್ದ ಮಾಂಫೊ ತಲೆ ತಗ್ಗಿಸಿದಳು. ಗೆದ್ದವಳ ಮುಖ ಅವಳದಾಗಿರಲಿಲ್ಲ.

"ಡಾಕ್ಟರೇ, ಮೂಗಲ್ಲಿ ಎಳೆಯೋದು ನನಗೆ ಅಭ್ಯಾಸ ಇಲ್ಲ" ಎಂದ ಲೆಟೂಕಾ. "ನನ್ನ ರೀತೀಲಿ ಎಳೀಲಾ?"

ಕಂಬಳಿಯೊಳಗಿಂದ ಲೆಸಿಬಾ ಹೊರಬಂತು. ಫೂರಿ ಅದನ್ನು ಕಂಡವರೇ ಹುಡುಗನಾಗಿಬಿಟ್ಟರು. "ಅರೆ, ಇದು! ನಮ್ಮ ಹೊಲದಲ್ಲಿ ಒಬ್ಬ ಮುದುಕ... ನುಡಿಸಿ, ನುಡಿಸಿ."

ಲೆಟೂಕಾ ಗರಿಯನ್ನು ತುಟಿಗಿಟ್ಟು ಕಣ್ಣು ಮುಚ್ಚಲು ಹೋದ. ಯಾವಾಗಲೂ ಮುಚ್ಚಿಯೇ ನುಡಿಸಿದವನು. ಆದರೆ ಇವತ್ತು ನೋಡದೆ ಇರಲು ಮನಸ್ಸಾಗಲಿಲ್ಲ. ಕಣ್ಣು ತೆರೆದೇ ಉಸಿರು ಬಿಟ್ಟ. ಎರಡೂ ಗುಡ್ಡ ಏರಿದವು. ಗರಿ ಗೊಣಗಿತು. ಆಮೇಲೆ ಎಳೆದ, ನಶ್ಯದ ಚುರುಕಿನಿಂದಲ್ಲ, ಆಳದ ಬಾವಿಯಿಂದ ಹಗ್ಗ ಎಳೆಯುವ ನಿಧಾನದಿಂದ. ಎಡಗುಡ್ಡ ಇಳಿಯುತ್ತಾ ಹೋಯಿತು. ಬಲಗುಡ್ಡ ಏರಿತು, ಏರಿ ನಿಂತಿತು. ಉಸಿರಿನ ಕೊಟ್ಟಕೊನೆಯಲ್ಲಿ, ಎಳೆಯಲು ಇನ್ನೇನೂ ಉಳಿಯದ ಹೊತ್ತಿನಲ್ಲಿ, ಅದರ ಅಂಚೊಂದು ನಡುಗಿ ಕೂದಲೆಳೆಯಷ್ಟು ಕೆಳಕ್ಕೆ ಬಂತು.

"ಇನ್ನೊಮ್ಮೆ" ಎಂದರು ಡಾಕ್ಟರು ಪಿಸುದನಿಯಲ್ಲಿ.

ಇನ್ನೊಮ್ಮೆ ಎಳೆದ. ಇನ್ನೊಮ್ಮೆ ನಡುಗಿತು. ನಿದ್ದೆಯಲ್ಲಿರುವ ನಾಯಿ ಹೆಸರು ಕೇಳಿ ಕಿವಿ ಅಲುಗಿಸುವ ಹಾಗೆ.

"ಎಚ್ಚರ ಆಗ್ತಿದೆ" ಎಂದು ಫೂರಿ ಅವನ ಹೆಗಲು ಹಿಡಿದರು. "ಪೂರಾ ಎದ್ದಿಲ್ಲ. ಆದ್ರೆ ಸತ್ತಿಲ್ಲ, ಸತ್ತಿಲ್ಲ!"

ಮಾಂಫೊ ಮೂಲೆಯಲ್ಲೇ ಎದ್ದು ನಿಂತು ಒಂದು ಸ್ತೋತ್ರದ ಮೊದಲ ಸಾಲು ಎತ್ತಿಕೊಂಡಳು. ಆಸ್ಪತ್ರೆ ಎಂದು ನೆನಪಾಗಿ, ಉಳಿದದ್ದನ್ನು ತುಟಿಯೊಳಗೇ ಹಾಡಿಕೊಂಡಳು.

ಲೆಟೂಕಾ ಮಾತ್ರ ಪರದೆಯ ಮುಂದಿನಿಂದ ಕದಲಲಿಲ್ಲ. ಕುತ್ತಿಗೆಯಿಂದ ಹೊರಟ ಆ ನರ ಹೊಟ್ಟೆಯ ಪರದೆಗೆ ಹೋಗಲು ಬೇರೆ ದಾರಿಗಳಿರಲಿಲ್ಲವೇ? ಹೃದಯದ ಗೋಡೆ ಸವರಿಕೊಂಡೇ ಯಾಕೆ ಹೋಗಬೇಕು? ನೀರಿಗೆ ಹೋಗುವ ಕಾಲುದಾರಿ ಎಲ್ಲ ಊರುಗಳಲ್ಲೂ ಯಾರದಾದರೂ ಮನೆಯ ಮುಂದೆಯೇ ಹಾಯುತ್ತದೆ. ಹೋಗುವಾಗ ಬರುವಾಗ ಕ್ಷೇಮ ಕೇಳಲಿ ಎಂದು. ದೇವರೂ ಹಾಗೆಯೇ ಎಣಿಸಿರಬೇಕು. ಒಂದು ಮನೆಯಲ್ಲಿ ಬೆಂಕಿ ಆರಿಸಲು ಹೋದರೆ ಪಕ್ಕದ ದಾರಿ ಕೆಸರಾಗುತ್ತದೆ, ಅದಕ್ಕೆ ಯಾರನ್ನು ದೂರುವುದು?

ದೂರಬೇಕಾದವನೊಬ್ಬ ಇದ್ದಾನೆ ಎಂದು ಅವನಿಗೆ ನೆನಪಾಯಿತು. ಲೆಸಿಬಾ ಇಳಿಸಿದ.

"ಡಾಕ್ಟರೇ, ಅವತ್ತು ನನಗೆ ಗೊತ್ತಾಗಿತ್ತು."

"ಏನು?"

"ಒದೆತ ಸೊರಗಿದ್ದು. ನಿಮ್ಮ ಕೈಗೆ ಗೊತ್ತಾಗೋಕೆ ಮುಂಚೆ. ನಾನು ಬಾಯಿ ಬಿಡಲಿಲ್ಲ."

ಫೂರಿ ದೀಪ ಹಾಕಲು ಹೋದವರು ಕೈ ಅಲ್ಲೇ ನಿಲ್ಲಿಸಿದರು. "ಯಾಕೆ?"

"ಗಂಡಸು ಕುರಿ ಇದ್ದ ಹಾಗೆ..."

"...ಅಳಲ್ಲ" ಎಂದು ಡಾಕ್ಟರೇ ಮುಗಿಸಿದರು. ಎದುರಿನ ಸ್ಟೂಲಿನ ಮೇಲೆ ಕೂತರು. "ನನಗೂ ಹೇಳಿಕೊಟ್ಟಿದ್ದರು ಇದನ್ನ, ಕುರಿದೊಡ್ಡೀಲಿ. ನ್ತಾತೆ, ನೀವು ಹೇಳಿದ್ದಿದ್ರೆ ಇನ್ನೂ ಬೇಗ ನಿಲ್ಲಿಸ್ತಿದ್ದೆ, ನಿಜ. ಆಗ ನರಕ್ಕೆ ಏನೂ ಆಗ್ತಿರಲಿಲ್ವಾ? ಗೊತ್ತಿಲ್ಲ. ಎಷ್ಟು ಹುಷಾರಾಗಿದ್ರೂ ಕೆಲವರಿಗೆ ಆಗುತ್ತೆ. ನನ್ನ ಕಡೇದೂ ಒಂದು ಹೇಳ್ತೀನಿ. ಒದೆತ ಸಡಿಲ ಅನ್ನಿಸ್ತು, ಇನ್ನೊಂದು ನೋಡೋಣ ಅಂತ ನಾನೂ ಕಾದೆ. ಒಂದೇ ಒಂದು. ಇಬ್ಬರೂ ಒಂದೇ ಹೊತ್ತಲ್ಲಿ ಸುಮ್ಮನಿದ್ವಿ."

ಮಾಂಫೊ ಇಬ್ಬರನ್ನೂ ನೋಡಿದಳು. "ಎರಡು ಕುರಿ" ಎಂದಳು. "ಒಂದು ಮೇಜಿನ ಮೇಲೆ, ಒಂದು ಪಕ್ಕದಲ್ಲಿ."

ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಲೆಟೂಕಾ ನಕ್ಕ ಮೇಲೆ ಅವರೂ ನಕ್ಕರು.

"ಬೆಟ್ಟಕ್ಕೆ ಹೋಗಬಹುದಾ?" ಲೆಟೂಕಾ ಕೇಳಿದ. ಮಾಂಫೊ ಉಸಿರು ಬಿಗಿಹಿಡಿದದ್ದು ಅವನಿಗೆ ಕೇಳಿಸಿತು. ಉಸಿರಿನ ವಿಷಯದಲ್ಲಿ ಅವನ ಕಿವಿ ಈಗ ಹಾಗಾಗಿತ್ತು.

"ಹೋಗಿ. ಒಬ್ಬರೇ ಅಲ್ಲ, ಮೇಲೆ ಜೊತೆಗೆ ಯಾರಾದ್ರೂ ಇರಬೇಕು. ಇನ್ನೊಂದು ಮಾತು." ಫೂರಿಯ ದನಿಗೆ ಕುರಿದೊಡ್ಡಿಯ ಗಡಸು ಮರಳಿತು. "ಉಸಿರು ಸಾಲದೆ ಬಂದಾಗ ನಿಲ್ಲಬೇಕು. ನಿಂತು, ಸಾಲ್ತಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಕಂಬಳಿ ಸರಿಮಾಡ್ಕೊಳ್ಳೋದಲ್ಲ."

ಲೆಟೂಕಾ ತಿರುಗಿ ಹೆಂಡತಿಯನ್ನು ನೋಡಿದ. ಅವಳು ಗೋಡೆ ನೋಡುತ್ತಿದ್ದಳು.

"ಗಂಡಸರ ಮುಂದೆನಾ?"

"ಗಂಡಸರ ಮುಂದೆ."

ದನ ಹೊರಡುವ ದಿನ ಬಂತು. ಮಾಂಫೊ ಬೆಳಗ್ಗೆಯೇ ಮೆಕ್ಕೆಜೋಳದ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ, ಅವನ ಹಣೆ ಮುಟ್ಟಿ ಪ್ರಾರ್ಥನೆ ಹೇಳಿ, ತಮ್ಮನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಕಾಬಿ ಈ ಬೇಸಿಗೆ ಭಾವನ ಜೊತೆಗಾರ. ನೆರೆಯ ದೊಡ್ಡಿಗಳ ಇನ್ನಿಬ್ಬರು ಗಂಡಸರೂ ಕಣಿವೆಯವರೆಗೆ ಜೊತೆಯಲ್ಲಿ ತಮ್ಮ ದನ ಹೊಡೆದರು.

ಎಲ್ಲರೂ ಕುದುರೆಯ ಮೇಲಿದ್ದರು, ತಪ್ಪಲಿನಲ್ಲಿ ಎಲ್ಲ ಸಲೀಸು. ಮೊದಲ ಏರಿನಲ್ಲಿ ಲೆಟೂಕಾ ಕುದುರೆಯ ಜೀನಿನ ಪಟ್ಟಿ ಬಿಗಿಮಾಡಲು ಇಳಿದ. ಎರಡನೆಯದರಲ್ಲಿ ಬೂಟಿನೊಳಗೆ ಕಲ್ಲು ಸೇರಿತು ಎಂದು ಕೂತು ಬೂಟು ಕೊಡವಿದ. ಅದರೊಳಗೆ ಕಲ್ಲಿರಲಿಲ್ಲ. ಕಾಬಿ ಕುದುರೆಯ ಮೇಲಿಂದ ಓರೆಗಣ್ಣಲ್ಲಿ ನೋಡಿದ, ಏನೂ ಹೇಳಲಿಲ್ಲ. ಅಕ್ಕ ಅವನಿಗೆ ಹೇಳಿಕೊಟ್ಟದ್ದು ಅದೇ ಇರಬೇಕು: ಉಸಿರು ಸಾಲದ್ದನ್ನು ಲೆಟೂಕಾನೇ ಹೇಳಲಿ.

ಕಣಿವೆಯ ಬಾಯಿಗೆ ಮುಂಚೆ ದಾರಿ ಬಂಡೆಯ ಮೆಟ್ಟಿಲಾಗುತ್ತದೆ. ಅಲ್ಲಿ ಯಾರೂ ಕುದುರೆಯ ಮೇಲೆ ಕೂರುವುದಿಲ್ಲ, ಲಗಾಮು ಹಿಡಿದು ನಡೆಯುತ್ತಾರೆ. ಗಾಳಿ ತೆಳುವಾಗಿತ್ತು. ಲೆಟೂಕಾ ಎಳೆದ, ಎಡಗಡೆ ಬಂತು, ಬಲಗಡೆ ತಡವರಿಸಿತು. ಇನ್ನೊಂದು ಮೆಟ್ಟಿಲು. ಕಣ್ಣಂಚಿನಲ್ಲಿ ಕಪ್ಪು ಚುಕ್ಕಿ ಕುಣಿದವು. ಇನ್ನೊಂದು ನೋಡೋಣ ಎಂದು ಮನಸ್ಸು ಹೇಳಿತು.

ಆ ಮಾತನ್ನು ಅವನು ಗುರುತು ಹಿಡಿದ. ಡಾಕ್ಟರ ಕೈ ಹೇಳಿದ್ದೂ ಅದೇ ಮಾತು.

"ನಿಲ್ಲಿ" ಎಂದ. ದನಿ ಹೊರಡಲಿಲ್ಲ. ಬಂಡೆಗೆ ಕೈಕೊಟ್ಟು ಮತ್ತೆ ಕೂಗಿದ. "ನಿಲ್ರಪ್ಪಾ! ನನಗೆ ಉಸಿರು ಸಾಲ್ತಿಲ್ಲ."

ಮುಂದಿದ್ದ ಇಬ್ಬರು ಗಂಡಸರು ತಿರುಗಿ ನೋಡಿದರು. ಲೆಟೂಕಾನ ಬಾಯಿಂದ ಇಂಥ ಮಾತು ಆ ದಾರಿಯ ಬಂಡೆಗಳೂ ಕೇಳಿರಲಿಲ್ಲ. ಒಬ್ಬ ನೆಲ ನೋಡಿದ, ಅವಮಾನ ತನಗೇ ಆದಂತೆ. ಕಾಬಿ ಲಗಾಮು ಕಲ್ಲಿಗೆ ಸುತ್ತಿ ಹತ್ತಿರ ಬಂದ. ಬಂದವನ ಕಣ್ಣಿನಲ್ಲಿ ಹೆದರಿಕೆ ಇತ್ತು. ಬಾಯಲ್ಲಿ ಮಾತ್ರ ಹಳೇ ಚಾಳಿ.

"ಕೇಳಿದ್ರಾ? ಕುರಿ ಅಳೋಕೆ ಶುರುಮಾಡ್ತು!"

ಲೆಟೂಕಾ ಕೂತು, ಕೈಗಳನ್ನು ಮೊಣಕಾಲಿಗೆ ಊರಿ, ಸಿಕ್ಕಷ್ಟು ಉಸಿರನ್ನು ಒಟ್ಟುಮಾಡಿಕೊಂಡ. ಉತ್ತರ ಅವನೊಳಗೆ ಚಳಿಗಾಲವಿಡೀ ಮಲಗಿದ್ದಿರಬೇಕು. ಈಗ ತಾನಾಗಿ ಎದ್ದು ಬಂತು.

"ಕಾಬಿ, ನೀನು ಹುಟ್ಟಿದಾಗಿಂದ ಕುರಿ ನೋಡಿದ್ದೀಯ. ಅದು ಸುಮ್ಮನಿರೋದು ಯಾವಾಗ? ಕತ್ತಿ ಕುತ್ತಿಗೆಗೆ ಬಂದಾಗ ಮಾತ್ರ. ಹುಲ್ಲಲ್ಲಿ ಬಿಟ್ಟರೆ ಬೆಳಗಿಂದ ಸಂಜೆ ತನಕ ಅರಚುತ್ತೆ. ಮರಿ ಕಾಣಲಿಲ್ಲ ಅಂತ ಅರಚುತ್ತೆ, ಮಂಜು ಬಂತು ಅಂತ ಅರಚುತ್ತೆ. ಅದಕ್ಕೇ ಅದು ಹಿಂಡಿನಿಂದ ತಪ್ಪಿಹೋಗಲ್ಲ." ಮಧ್ಯೆ ನಿಂತು ಎಳೆದುಕೊಂಡ. "ನಾನೀಗ ಕತ್ತಿ ಕೆಳಗಿಲ್ಲ ಮಾರಾಯ. ಮೇಯೋಕೆ ಹೊರಟಿದ್ದೀನಿ."

ನೆಲ ನೋಡುತ್ತಿದ್ದವನು ತಲೆಯೆತ್ತಿದ. "ಅದೂ ಸರಿನೇ" ಎಂದು, ತನ್ನ ಕಂಬಳಿ ಹಾಸಿ ಕೂತುಬಿಟ್ಟ. "ನಿಜ ಹೇಳ್ತೀನಿ, ನನ್ನ ಮೊಣಕಾಲೂ ಕೆಳಗಿನ ತಿರುವಿಂದ ಅರಚ್ತಾನೇ ಇದೆ." ಇನ್ನೊಬ್ಬ ಗೊಳ್ಳೆಂದು ನಕ್ಕು ಬುತ್ತಿಯ ಗಂಟು ಬಿಚ್ಚಿದ.

ದನಗಳು ಬಂಡೆಗಳ ನಡುವಿನ ಹುಲ್ಲಿಗೆ ಚದುರಿದವು. ಮುಂದಾಳು ಕೆಂಪು ಹಸು ಮಾತ್ರ ಮೇಯದೆ, ಯಾಕೆ ನಿಂತಿರಿ ಎಂಬಂತೆ ಕತ್ತೆತ್ತಿ ಇವರನ್ನೇ ನೋಡುತ್ತಿತ್ತು. ಕಣ್ಣಿನ ಕಪ್ಪು ಚುಕ್ಕಿಗಳು ಒಂದೊಂದಾಗಿ ಆರಿದ ಮೇಲೆ ಲೆಟೂಕಾ ಕಂಬಳಿಯೊಳಗಿಂದ ಲೆಸಿಬಾ ತೆಗೆದ. ಬಿಟ್ಟ ಉಸಿರಿಗೆ ಗರಿ ಗೊಣಗಿತು. ಎಳೆದ. ಸ್ವರ ಗಿಡ್ಡವಾಗಿತ್ತು, ಅಂಚು ಒರಟಾಗಿತ್ತು, ನಡುವೆ ಒಂದು ಕಡೆ ಎಡವಿತು; ಆದರೂ ಎದ್ದಿತು. ಮತ್ತೆ ಬಿಟ್ಟ, ಮತ್ತೆ ಎಳೆದ. ಒಳಗೆ ಆ ಗುಡ್ಡದ ಅಂಚು ಕೂದಲೆಳೆಯಷ್ಟು ಇಳಿಯುವುದನ್ನು ಅವನು ಈಗ ಆಸ್ಪತ್ರೆಯ ಪರದೆಯಿಲ್ಲದೆಯೂ ಕಾಣಬಲ್ಲವನಾಗಿದ್ದ.

ಕೆಂಪು ಹಸು ಸ್ವಲ್ಪ ಹೊತ್ತು ಕಿವಿ ಇತ್ತ ಹಿಡಿಯಿತು. ಆಮೇಲೆ ಇವರ ಗೊಡವೆ ಬಿಟ್ಟು, ಹುಲ್ಲಿಗೆ ಬಾಯಿ ಹಾಕಿತು.

ಲೆಟೂಕಾ ಅದನ್ನು ನೋಡಿದ. ಗರಿಯನ್ನು ತುಟಿಯಿಂದ ತೆಗೆದು, ಟೋಪಿ ಕಳಚಿ ಮಡಿಲಲ್ಲಿಟ್ಟು, ಯಾರಿಗೂ ಕೇಳಿಸದಂತೆ ಎರಡು ಮಾತು ಹೇಳಿಕೊಂಡ.

"ಮುಗೀತಾ ಅಳು?" ಕಾಬಿ ಕೈ ಕೊಟ್ಟು ಎಬ್ಬಿಸಿದ.

"ಎಲ್ಲಿ ಮುಗೀತು ಮಾರಾಯ" ಎಂದ ಲೆಟೂಕಾ, ಲಗಾಮು ಬಿಚ್ಚುತ್ತಾ. "ಮೇಲಿನ ತಿರುವಲ್ಲಿ ಇನ್ನೊಂದು ಸಲ ಇದೆ. ಅಲ್ಲಿ ನೆರಳೂ ಚೆನ್ನಾಗಿದೆ."